ಮಗುವಿಗೆ ಹುಷಾರಿಲ್ಲ: ವಿಡಿಯೊದಲ್ಲಿ ತೋರಿಸೋಣವಾ, ಕ್ಲಿನಿಕ್‌ಗೆ ಹೋಗೋಣವಾ?

ಮಕ್ಕಳಿಗೆ ಜ್ವರ ಬರುವುದು ಸಾಮಾನ್ಯವಾಗಿ ಶನಿವಾರ ರಾತ್ರಿಯೇ. ಭಾನುವಾರ ಬೆಳಿಗ್ಗೆ ನಿಮ್ಮ ಮಾಮೂಲಿ ಮಕ್ಕಳ ಡಾಕ್ಟರ ಕ್ಲಿನಿಕ್ ಬಾಗಿಲು ಹಾಕಿರುತ್ತದೆ. ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗುವಷ್ಟು ಗಾಬರಿಯಿಲ್ಲ, ಸುಮ್ಮನೆ ಕೂರುವಷ್ಟು ಧೈರ್ಯವೂ ಇಲ್ಲ. ಆಗ ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ.

ಈಗ ನಮ್ಮ ಮುಂದೆ ನಾಲ್ಕು ದಾರಿಗಳಿವೆ. ನಿಮ್ಮದೇ ಡಾಕ್ಟರಿಗೆ ವಿಡಿಯೊ ಕಾಲ್ ಮಾಡಬಹುದು. ಪ್ರಾಕ್ಟೊ, ಅಪೊಲೊ 24/7, ಟಾಟಾ 1ಎಂಜಿ ಥರದ ಆ್ಯಪ್‌ನಲ್ಲಿ ಸಿಗುವ ಡಾಕ್ಟರಿಗೆ ತೋರಿಸಬಹುದು. ಸರ್ಕಾರದ ಉಚಿತ ವಿಡಿಯೊ ಸಮಾಲೋಚನೆ ಸೇವೆ ಇ-ಸಂಜೀವನಿ ಇದೆ. ಇಲ್ಲವೇ ಮಗುವನ್ನು ಎತ್ತಿಕೊಂಡು ಕ್ಲಿನಿಕ್‌ಗೇ ಹೋಗಬಹುದು. ಮೆಡಿಕಲ್ ಶಾಪ್ ಕೌಂಟರಿನಲ್ಲಿ ನಿಂತು ‘ಮಗುಗೆ ಕೆಮ್ಮು, ಏನಾದ್ರೂ ಕೊಡಿ’ ಎನ್ನುವ ಐದನೆಯ ದಾರಿಯೂ ಇದೆ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಯಾವ ಆ್ಯಪ್ ಒಳ್ಳೆಯದು ಅನ್ನುವುದು ಎರಡನೆಯ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಈ ಕಾಯಿಲೆ ನೋಡಿದರೆ ಗೊತ್ತಾಗುವಂಥದ್ದೋ, ಮುಟ್ಟಿ, ಕಿವಿಗೊಟ್ಟು ಕೇಳಿದರೆ ಮಾತ್ರ ಗೊತ್ತಾಗುವಂಥದ್ದೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಮೊಬೈಲ್ ಪಕ್ಕಕ್ಕಿಟ್ಟು ಹೊರಡಬೇಕಾದ ಸಂದರ್ಭ

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ವಿಡಿಯೊ ಬೇಡ. ನೇರವಾಗಿ ಆಸ್ಪತ್ರೆ. ಅಷ್ಟು ಚಿಕ್ಕ ಕೂಸಿನಲ್ಲಿ ದೊಡ್ಡ ಸೋಂಕು ಕೂಡ ಬರೀ ಜ್ವರವಾಗಿಯೇ ಕಾಣಿಸಿಕೊಳ್ಳಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಲ್ಲಿ ನೋಡಬೇಕಾದವು ಬೇರೆ. ಎದೆಹಾಲನ್ನೋ ನೀರನ್ನೋ ಕುಡಿಯಲು ಆಗದಿರುವುದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡದಿರುವುದು. ಇವುಗಳಲ್ಲಿ ಒಂದು ಕಂಡರೂ ಹೊರಡಿ. ಕಣ್ಣು ಗುಳಿ ಬಿದ್ದು, ಅತ್ತರೂ ಕಣ್ಣೀರು ಬರದೆ, ತುಂಬಾ ಹೊತ್ತಿನಿಂದ ಉಚ್ಚೆ ಮಾಡಿಲ್ಲದಿದ್ದರೂ ಅಷ್ಟೇ. ಮೈಮೇಲಿನ ಕೆಂಪು ಅಥವಾ ನೇರಳೆ ಚುಕ್ಕೆಗಳ ಮೇಲೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದಾಗಲೂ ಬಣ್ಣ ಮಾಸದಿದ್ದರೆ, ಜೊತೆಗೆ ಜ್ವರವಿದ್ದರೆ, ಇನ್ಯಾರನ್ನೂ ಕೇಳುತ್ತಾ ಕೂರಬೇಡಿ. ಗಾಡಿ ಇಲ್ಲದಿದ್ದರೆ 108.

ಉಸಿರಾಟವನ್ನು ಮಾತ್ರ ಎಣಿಸಿಯೇ ನೋಡಬೇಕು. ಮಗು ನಿದ್ದೆಯಲ್ಲಿರುವಾಗ ಅಥವಾ ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ. ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ ಎಣಿಕೆಯೂ ಬೇಕಿಲ್ಲ, ಹೊರಡಿ.

ಇವು ಯಾವುದೂ ಇಲ್ಲ, ಮಗು ಆಟವಾಡುತ್ತಿದೆ, ಅಷ್ಟಿಷ್ಟು ತಿನ್ನುತ್ತಿದೆ ಅಂತಾದರೆ ಮುಂದಕ್ಕೆ ಓದಿ.

ಕ್ಯಾಮೆರಾಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ವಿಡಿಯೊ ನಿಜವಾಗಿ ಗೆಲ್ಲುವುದು ಚರ್ಮದ ವಿಷಯದಲ್ಲಿ. ಬೆವರುಸಾಲೆ, ಹುಳುಕಡ್ಡಿ, ಸೊಳ್ಳೆ ಕಚ್ಚಿ ಊದಿದ್ದು, ಡೈಪರ್ ಹಾಕಿದ ಜಾಗ ಕೆಂಪಾಗಿರುವುದು, ಇಂಥವನ್ನು ಅನುಭವಿ ಮಕ್ಕಳ ಡಾಕ್ಟರು ಒಳ್ಳೆಯ ಫೋಟೊ ನೋಡಿಯೇ ಹೇಳಬಲ್ಲರು. ಪ್ಲೇ ಹೋಮ್‌ಗಳಲ್ಲಿ ಆಗಾಗ ಹರಡುವ ಕೈ-ಕಾಲು-ಬಾಯಿ ರೋಗವೂ ಹೀಗೆಯೇ. ಅಂಗೈ, ಅಂಗಾಲು, ಕುಂಡೆ ಮೇಲೆ ಗುಳ್ಳೆ, ಬಾಯೊಳಗೆ ಹುಣ್ಣು. ಮಗು ಊಟ ಬಿಟ್ಟಿರುತ್ತದೆ. ಸಾಮಾನ್ಯವಾಗಿ ಏಳರಿಂದ ಹತ್ತು ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ. ಇಂಥ ಮಗುವನ್ನು ಕ್ಲಿನಿಕ್‌ನ ತುಂಬಿದ ವೇಟಿಂಗ್ ರೂಮಿಗೆ ಕರೆದುಕೊಂಡು ಹೋಗಿ ಇನ್ನೂ ಹತ್ತು ಮಕ್ಕಳಿಗೆ ಹಂಚುವುದಕ್ಕಿಂತ ವಿಡಿಯೊ ಎಷ್ಟೋ ವಾಸಿ. ಚಿಕನ್ ಪಾಕ್ಸ್‌ಗೂ ಇದೇ ಮಾತು. ಮದ್ರಾಸ್ ಐ ಕೂಡ ಪರವಾಗಿಲ್ಲ. ಆದರೆ ಕಣ್ಣಲ್ಲಿ ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ಅಥವಾ ಹುಟ್ಟಿ ಒಂದು ತಿಂಗಳೂ ಆಗದ ಮಗುವಿನ ಕಣ್ಣಲ್ಲಿ ಕೀವು ಬಂದಿದ್ದರೆ ನೇರವಾಗಿ ತೋರಿಸಬೇಕು.

ಬಣ್ಣದ ವಿಷಯದಲ್ಲಿ ಒಂದು ಎಚ್ಚರ. ನಮ್ಮ ಮಕ್ಕಳ ಮೈಬಣ್ಣದ ಮೇಲೆ ‘ಕೆಂಪು’ ಅನ್ನುವುದು ಎದ್ದು ಕಾಣುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಇನ್ನೂ ಕಡಿಮೆ. ಹಗಲಿನಲ್ಲಿ ಕಿಟಕಿ ಪಕ್ಕ ನಿಲ್ಲಿಸಿ ಫೋಟೊ ತೆಗೆದು ಕಾಲ್‌ಗೆ ಮುಂಚೆಯೇ ಕಳಿಸಿ. ವಿಡಿಯೊ ಕಾಲ್‌ನ ಮಸುಕು ಚಿತ್ರಕ್ಕಿಂತ ಫೋಟೊ ಹೆಚ್ಚು ಹೇಳುತ್ತದೆ. ಬಟ್ಟೆ ತೆಗೆದ ಫೋಟೊ ಆದರೆ ಡಾಕ್ಟರಿಗೆ ಕಳಿಸಿದ ಮೇಲೆ ಗ್ಯಾಲರಿಯಿಂದ ಅಳಿಸಿ. ಫ್ಯಾಮಿಲಿ ಗ್ರೂಪಿಗೆ ಹಾಕಿ ‘ಇದೇನಿರಬಹುದು?’ ಎಂದು ಕೇಳಬೇಡಿ.

ಸ್ಕ್ರೀನ್ ಸೋಲುವುದು ಕಿವಿನೋವಿನಲ್ಲಿ. ಕಿವಿಯೊಳಗೆ ಉಪಕರಣ ಇಟ್ಟು ತಮಟೆ ನೋಡದೆ ಸೋಂಕು ಇದೆಯೋ ಇಲ್ಲವೋ ಹೇಳಲಾಗದು. ಆದರೂ ವಿಡಿಯೊದಲ್ಲಿ ಕಿವಿನೋವಿಗೆ ಆ್ಯಂಟಿಬಯಾಟಿಕ್ ಬರೆದುಕೊಡುವವರಿದ್ದಾರೆ. ಅದು ಊಹೆ, ಅಷ್ಟೇ. ಹೊಟ್ಟೆನೋವೂ ಹೀಗೆಯೇ. ಹೊಟ್ಟೆಯ ಬಲಗಡೆ ಕೆಳಗೆ ಒತ್ತಿದಾಗ ಮಗು ಹೇಗೆ ಮುಖ ಕಿವಿಚುತ್ತದೆ ಅನ್ನುವುದು ಡಾಕ್ಟರ ಬೆರಳಿಗೆ ಮಾತ್ರ ಸಿಗುವ ಸುಳಿವು. ಕೆಮ್ಮು ಮಧ್ಯದಲ್ಲಿ ಬರುತ್ತದೆ. ಬರೀ ನೆಗಡಿ ಜೊತೆಗಿನ ಕೆಮ್ಮಾದರೆ ವಿಡಿಯೊ ಸಾಕು. ಎದೆಯಲ್ಲಿ ಸುಂಯ್ ಸುಂಯ್ ಅನ್ನುವ ಉಬ್ಬಸವಿದ್ದರೆ ಸ್ಟೆತಸ್ಕೋಪ್ ಇಡಲೇಬೇಕು.

ಇನ್ನು ಜ್ವರ. ಮೊದಲ ಒಂದೆರಡು ದಿನ, ಮಗು ಗೆಲುವಾಗಿದ್ದರೆ, ವಿಡಿಯೊದಲ್ಲಿ ಕೇಳಿ ಕಾಯಬಹುದು. ಮೂರನೆಯ ದಿನಕ್ಕೂ ಇಳಿಯದಿದ್ದರೆ ರಕ್ತ ಪರೀಕ್ಷೆ ಬೇಕಾಗಬಹುದು. ಮಳೆಗಾಲದಲ್ಲಿ ಡೆಂಗಿ ಹರಡಿರುವಾಗಲಂತೂ ತಡ ಮಾಡಬಾರದು. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ. ‘ಜ್ವರ ಬಿಡ್ತು’ ಅಂತ ಮನೆಯವರೆಲ್ಲ ನಿರಾಳವಾಗಿರುವಾಗ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಾಣಿಸಿದರೆ ಆಸ್ಪತ್ರೆಗೆ ಓಡಬೇಕು.

ನಿಮ್ಮದೇ ಡಾಕ್ಟರೋ, ಆ್ಯಪ್‌ನ ಡಾಕ್ಟರೋ

ಇಲ್ಲಿ ನನಗೆ ಅನುಮಾನವೇ ಇಲ್ಲ. ಹುಟ್ಟಿದಾಗಿನಿಂದ ಲಸಿಕೆ ಹಾಕಿದ ಡಾಕ್ಟರ ಐದು ನಿಮಿಷ, ಗುರುತಿಲ್ಲದವರ ಕಾಲು ಗಂಟೆಗಿಂತ ಮೇಲು. ಈ ಮಗುವಿಗೆ ಹೋದ ವರ್ಷ ಉಬ್ಬಸ ಬಂದಿತ್ತು, ಯಾವ ಔಷಧಕ್ಕೆ ಮೈಯೆಲ್ಲ ಗಂಧೆ ಎದ್ದಿತ್ತು, ತೂಕ ಎಷ್ಟಿತ್ತು, ಎಲ್ಲ ಅವರ ಫೈಲಿನಲ್ಲೋ ನೆನಪಿನಲ್ಲೋ ಇರುತ್ತದೆ. ಇನ್ನೊಂದು ಲಾಭವೂ ಇದೆ. ವಿಡಿಯೊ ನೋಡಿ ‘ಇದು ಸರಿಹೋಗ್ತಿಲ್ಲ, ಸಂಜೆ ಕರ್ಕೊಂಡು ಬನ್ನಿ’ ಅಂದರೆ ಅದೇ ವ್ಯಕ್ತಿ ಸಂಜೆ ಮಗುವನ್ನು ಮುಟ್ಟಿ ನೋಡುತ್ತಾರೆ. ಕಥೆ ಮೊದಲಿಂದ ಹೇಳಬೇಕಿಲ್ಲ.

ಆದ್ದರಿಂದ ಮಗು ಚೆನ್ನಾಗಿರುವಾಗಲೇ, ಲಸಿಕೆಗೆ ಹೋದ ದಿನ, ಕೇಳಿಟ್ಟುಕೊಳ್ಳಿ: ‘ಡಾಕ್ಟ್ರೇ, ವಿಡಿಯೊ ಕಾಲ್‌ನಲ್ಲಿ ನೋಡ್ತೀರಾ? ಎಷ್ಟು ಹೊತ್ತಿಗೆ? ಫೀಸ್ ಎಷ್ಟು?’ ಫೀಸ್ ಕೊಡದೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಸೆದು ಉತ್ತರಕ್ಕೆ ಕಾಯುವುದು ಅವರಿಗೂ ಕಿರಿಕಿರಿ, ನಿಮಗೂ ಭರವಸೆಯಿಲ್ಲ. ವಿಡಿಯೊ ಸಮಾಲೋಚನೆಗೆ ಡಾಕ್ಟರು ಫೀಸ್ ತೆಗೆದುಕೊಳ್ಳಬಹುದು, ಅದಕ್ಕೆ ರಸೀದಿಯನ್ನೂ ಕೊಡಬೇಕು ಎಂದು ನಿಯಮವೇ ಇದೆ.

ಆ ನಿಯಮ ಬಂದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ. ಟೆಲಿಮೆಡಿಸಿನ್ ಮಾರ್ಗಸೂಚಿ ಎಂದು ಅದರ ಹೆಸರು. ಪೋಷಕರು ತಿಳಿದಿರಬೇಕಾದ ಕೆಲವು ಅಂಶಗಳು ಅದರಲ್ಲಿವೆ. ಮಗುವಿನ ಜೊತೆ ದೊಡ್ಡವರೊಬ್ಬರು ಕಾಲ್‌ನಲ್ಲಿ ಇರಲೇಬೇಕು, ಅವರು ಯಾರೆಂದು ಡಾಕ್ಟರು ಖಚಿತ ಮಾಡಿಕೊಳ್ಳಬೇಕು. ಆಧಾರ್ ತೋರಿಸಿ ಅಂದರೆ ಬೇಜಾರಾಗಬೇಡಿ. ಡಾಕ್ಟರ ನೋಂದಣಿ ಸಂಖ್ಯೆ ಚೀಟಿಯಲ್ಲಿ ಇರಬೇಕು. ಮೊದಲ ಸಲ ನೋಡುವವರು ಬರೀ ಫೋನ್ ಮಾತಿನಲ್ಲಿ ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವನ್ನಷ್ಟೇ ಹೇಳಬಹುದು. ಅದಕ್ಕಿಂತ ಹೆಚ್ಚಿನ ಔಷಧ ಬರೆಯಬೇಕಾದರೆ ವಿಡಿಯೊದಲ್ಲಿ ನೋಡಿರಬೇಕು. ನೆಟ್‌ವರ್ಕ್ ಇಲ್ಲ ಎಂದು ಆಡಿಯೊದಲ್ಲೇ ಮಾತಾಡಿ ಉದ್ದದ ಚೀಟಿ ಬಂದರೆ ಆ ಚೀಟಿಯ ಮೇಲೆ ಅನುಮಾನಪಡಿ.

ಹಾಗಾದರೆ ಆ್ಯಪ್ ಯಾವಾಗ? ರಾತ್ರಿ ಹನ್ನೊಂದಕ್ಕೆ. ಹೊಸ ಊರಿಗೆ ಮನೆ ಬದಲಿಸಿ ಇನ್ನೂ ಡಾಕ್ಟರ್ ಗೊತ್ತಾಗಿಲ್ಲದಾಗ. ಪ್ರವಾಸದಲ್ಲಿರುವಾಗ. ಆ ಹೊತ್ತಿಗೆ ಅದು ದೊಡ್ಡ ಉಪಕಾರವೇ. ಆದರೆ ‘ಎರಡು ನಿಮಿಷದಲ್ಲಿ ಡಾಕ್ಟರ್’ ಎನ್ನುವ ಬಟನ್ ಒತ್ತಿದರೆ ಸಿಗುವವರು ಮಕ್ಕಳ ತಜ್ಞರೇ ಆಗಿರುತ್ತಾರೆ ಎಂದೇನಿಲ್ಲ. ಸಾಮಾನ್ಯ ವೈದ್ಯರೂ ಆಗಿರಬಹುದು. ಪ್ರೊಫೈಲಿನಲ್ಲಿ ‘ಪೀಡಿಯಾಟ್ರಿಷಿಯನ್’ ಅಂತ ನೋಡಿ, ಮಕ್ಕಳ ವಿಭಾಗದಲ್ಲಿ ಎಂ.ಡಿ. ಅಥವಾ ಡಿ.ಸಿ.ಎಚ್. (ಮಕ್ಕಳ ಆರೋಗ್ಯದ ಡಿಪ್ಲೊಮಾ) ಓದಿದ್ದಾರಾ ನೋಡಿ. ಕರ್ನಾಟಕದವರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ವೆಬ್‌ಸೈಟಿನಲ್ಲಿ ಹೆಸರು ಹುಡುಕಬಹುದು. ಸ್ಟಾರ್ ರೇಟಿಂಗ್ ನೋಡಿ ಮರುಳಾಗಬೇಡಿ. ಕೇಳಿದ ಔಷಧ ಬರೆದುಕೊಟ್ಟವರಿಗೆ ಐದು ಸ್ಟಾರ್, ‘ಏನೂ ಬೇಡ, ಕಾಯಿರಿ’ ಅಂದವರಿಗೆ ಎರಡು ಸ್ಟಾರ್ ಕೊಡುವ ಜನ ನಾವು!

ಭಾಷೆಯನ್ನು ಮಾತ್ರ ಖಂಡಿತ ಆರಿಸಿಕೊಳ್ಳಿ. ಮಗುವನ್ನು ದಿನವಿಡೀ ನೋಡಿಕೊಂಡವರು ಅಜ್ಜಿಯಾದರೆ ಕಾಲ್‌ನಲ್ಲಿ ಮಾತಾಡಬೇಕಾದವರೂ ಅಜ್ಜಿಯೇ. ‘ನಿನ್ನೆಯಿಂದ ಯಾಕೋ ಸಪ್ಪಗಿದೆ ಕೂಸು, ರಾತ್ರಿಯೆಲ್ಲ ಗೊರಗೊರ ಅಂತಿತ್ತು’ ಅನ್ನುವ ಅವರ ಮಾತಿನಲ್ಲಿ ನಾವು ಇಂಗ್ಲಿಷಿನಲ್ಲಿ ಹೇಳುವ ‘ಕೋಲ್ಡ್ ಆ್ಯಂಡ್ ಕಾಫ್’ಗಿಂತ ಹೆಚ್ಚು ಮಾಹಿತಿ ಇರುತ್ತದೆ. ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯಲ್ಲಿದ್ದರೂ ಯಾವ ರಾಜ್ಯದ ರೋಗಿಯನ್ನಾದರೂ ವಿಡಿಯೊದಲ್ಲಿ ನೋಡಬಹುದು. ಹಾಗಾಗಿ ಆ್ಯಪ್‌ನಲ್ಲಿ ದೆಹಲಿಯವರೋ ಲಖನೌದವರೋ ಸಿಗುವುದು ಸಹಜ. ಅವರಿಗೆ ನಮ್ಮೂರಿನ ಕಾಯಿಲೆ ತಕ್ಷಣ ಹೊಳೆಯಬೇಕಲ್ಲ? ಬೇಸಿಗೆಗೆ ಮುಂಚೆ ಸೊರಬ, ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆ ಮಗುವಿಗೆ ಜೋರು ಜ್ವರ, ಮನೆಯವರು ಕಾಡಿಗೆ ಹೋಗಿಬರುತ್ತಾರೆ ಅಂದರೆ ಅಲ್ಲಿನ ಡಾಕ್ಟರಿಗೆ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾದ ರೋಗವದು. ದೂರದವರು ಸಿಕ್ಕರೆ ಇಂಥ ವಿವರವನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಇ-ಸಂಜೀವನಿ: ಹಳ್ಳಿಯವರು ಮೊದಲು ನೋಡಬೇಕಾದದ್ದು

ಪೇಟೆಯ ಜನ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ‘ಫ್ರೀ ಅಲ್ವಾ, ಚೆನ್ನಾಗಿರಲ್ಲ’ ಎಂಬ ಭಾವನೆ. ಇದು ಕೇಂದ್ರ ಆರೋಗ್ಯ ಸಚಿವಾಲಯದ್ದು, ಸರ್ಕಾರದ್ದೇ ಕಂಪ್ಯೂಟರ್ ತಂತ್ರಜ್ಞಾನ ಸಂಸ್ಥೆಯಾದ ಮೊಹಾಲಿಯ ಸಿ-ಡ್ಯಾಕ್ ಮಾಡಿಕೊಟ್ಟದ್ದು. ಇದರಲ್ಲಿ ಎರಡು ಬಗೆ ಇರುವುದು ಬಹಳ ಜನರಿಗೆ ಗೊತ್ತಿಲ್ಲ.

2020ರ ಏಪ್ರಿಲ್ 13ರಿಂದ ಇರುವುದು ಮನೆಯಿಂದಲೇ ಮಾಡುವ ಒಪಿಡಿ. ಮೊಬೈಲ್ ನಂಬರ್ ಕೊಟ್ಟು, ಓಟಿಪಿ ಹಾಕಿ, ಟೋಕನ್ ಪಡೆದು, ಸರದಿಗೆ ಕಾಯಬೇಕು. ಕೊನೆಗೆ ಚೀಟಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಕಾಸಿಲ್ಲ. ಇಲ್ಲಿ ಡಾಕ್ಟರನ್ನು ಆ್ಯಪ್‌ನಷ್ಟು ಆರಿಸಿಕೊಳ್ಳಲು ಆಗುವುದಿಲ್ಲ. ಸಣ್ಣಪುಟ್ಟ ನೆಗಡಿ, ಚರ್ಮದ ತುರಿಕೆ, ‘ಈ ಔಷಧ ಮುಂದುವರಿಸಲಾ?’ ಎನ್ನುವಂಥ ಪ್ರಶ್ನೆಗಳಿಗೆ ಸಾಕು.

ಇದಕ್ಕಿಂತ ಮುಂಚೆ, 2019ರ ನವೆಂಬರ್‌ನಲ್ಲಿ ಶುರುವಾದ ಇನ್ನೊಂದು ಬಗೆಯೇ ನನಗೆ ಹೆಚ್ಚು ಇಷ್ಟ. ಇದರಲ್ಲಿ ನೀವು ಮನೆಯಲ್ಲಿ ಒಬ್ಬರೇ ಮೊಬೈಲ್ ಹಿಡಿದು ಕೂರುವುದಿಲ್ಲ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗುತ್ತೀರಿ. ಈಗ ಅದರ ಬೋರ್ಡಿನಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದಿರುತ್ತದೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಮಗುವಿನ ತೂಕ ನೋಡಿ, ಜ್ವರ ನೋಡಿ, ಉಸಿರು ಎಣಿಸಿ, ಸ್ಕ್ರೀನಿನಲ್ಲಿರುವ ಡಾಕ್ಟರಿಗೆ ಹೇಳುತ್ತಾರೆ. ಅಂದರೆ ಡಾಕ್ಟರ ಕಣ್ಣು ದೂರದಲ್ಲಿದ್ದರೂ ಕಲಿತ ಕೈಯೊಂದು ಮಗುವಿನ ಪಕ್ಕದಲ್ಲೇ ಇರುತ್ತದೆ. ವಿಡಿಯೊದ ದೊಡ್ಡ ಕೊರತೆಯನ್ನು ಇದು ಅರ್ಧ ತುಂಬುತ್ತದೆ. ಮಕ್ಕಳ ತಜ್ಞರು ಬೇಕೆಂದರೆ ತಾಲ್ಲೂಕು ಕೇಂದ್ರಕ್ಕೆ ಬಸ್ ಹಿಡಿಯಬೇಕಾದ ಮಲೆನಾಡಿನ, ಬಯಲುಸೀಮೆಯ ಹಳ್ಳಿಗಳಲ್ಲಿ ಎಷ್ಟೋ ಆ್ಯಪ್‌ಗಳಿಗಿಂತ ಇದೇ ಒಳ್ಳೆಯದು. ಎಷ್ಟು ಹೊತ್ತಿಗೆ ಡಾಕ್ಟರು ಸಿಗುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಹೋದರೆ ಸುಮ್ಮನೆ ಕಾಯುವುದು ತಪ್ಪುತ್ತದೆ.

ನಗರದಲ್ಲಿ ಇದಕ್ಕೆ ಸಮನಾದದ್ದು ನಮ್ಮ ಕ್ಲಿನಿಕ್. 2022ರ ಡಿಸೆಂಬರ್‌ನಿಂದ ಕರ್ನಾಟಕದ ಊರುಗಳಲ್ಲಿ ತೆರೆದಿವೆ. ಅಲ್ಲಿ ಡಾಕ್ಟರು ಎದುರಿಗೇ ಇರುತ್ತಾರೆ, ಫೀಸಿಲ್ಲ, ಸಾಮಾನ್ಯ ಔಷಧವೂ ಅಲ್ಲೇ ಸಿಗುತ್ತದೆ. ಆ್ಯಪ್‌ಗೆ ದುಡ್ಡು ಕಟ್ಟಿ ಕಾಯುವ ಹೊತ್ತಿನಲ್ಲಿ ನಡೆದುಕೊಂಡು ಹೋಗಿ ಬರುವಷ್ಟು ಹತ್ತಿರ ಒಂದಿದ್ದರೆ ವಿಡಿಯೊ ಯಾಕೆ?

ಚೀಟಿ ಬಂದ ಮೇಲೆ

ವಿಡಿಯೊ ಚೆನ್ನಾಗಿತ್ತಾ ಇಲ್ಲವಾ ಅನ್ನುವುದು ಗೊತ್ತಾಗುವುದು ಚೀಟಿಯಲ್ಲಿ. ನೆಗಡಿ-ಕೆಮ್ಮಿಗೆ ಐದು ಔಷಧ ಇದ್ದರೆ, ಅದರಲ್ಲೊಂದು ಆ್ಯಂಟಿಬಯಾಟಿಕ್ ಇದ್ದರೆ, ‘ಇದು ಯಾಕೆ ಡಾಕ್ಟ್ರೇ?’ ಎಂದು ಕೇಳಿ. ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಸಮಾಧಾನವಾಗಿ ಉತ್ತರಿಸುವವರು ಸಿಕ್ಕರೆ ಅವರ ಹೆಸರು ಬರೆದಿಟ್ಟುಕೊಳ್ಳಿ.

ಕೆಮ್ಮಿನ ಸಿರಪ್ ಬಗ್ಗೆ ಸ್ವಲ್ಪ ನಿಲ್ಲಬೇಕು. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಚಿಕ್ಕ ಮಕ್ಕಳು ಕೆಮ್ಮಿನ ಸಿರಪ್ ಕುಡಿದು ಕಿಡ್ನಿ ಕೆಟ್ಟು ತೀರಿಕೊಂಡರು. ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಆ ಸಮಯದಲ್ಲೇ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೂಚನೆ ಕೊಟ್ಟಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಮೆಡಿಕಲ್ ಶಾಪ್ ಕೌಂಟರನ್ನು ನಾನು ಲೆಕ್ಕದಿಂದ ಬಿಟ್ಟದ್ದು ಇದಕ್ಕೇ. ಹೋದ ಸಲ ಅಣ್ಣನಿಗೆ ತಂದು ಉಳಿದ ಬಾಟಲಿಯಿಂದ ತಂಗಿಗೆ ಒಂದು ಮುಚ್ಚಳ ಹಾಕುವುದೂ ಅದೇ ತಪ್ಪು.

ಪ್ಯಾರಾಸಿಟಮಾಲ್ ಒಳ್ಳೆಯ ಔಷಧ, ಆದರೆ ಅಳತೆಯಲ್ಲಿ ಎಡವುವವರು ತುಂಬಾ. ಅದನ್ನು ವಯಸ್ಸಿಗಲ್ಲ, ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಬಾಟಲಿಗಳು ಒಂದೇ ಶಕ್ತಿಯವಲ್ಲ. ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಬೇಕಾದದ್ದು ಒಂದೂವರೆ ಮಿಲಿಲೀಟರ್. ಐದು ಮಿಲಿಲೀಟರಿಗೆ 250 ಇರುವ ಸಿರಪ್ ಆದರೆ ಮೂರು. 120 ಇರುವುದಾದರೆ ಆರಕ್ಕೂ ಸ್ವಲ್ಪ ಜಾಸ್ತಿ. ಡ್ರಾಪ್ಸ್ ಬಾಟಲಿಯಿಂದ ಸಿರಪ್ಪಿನ ಅಳತೆಯಲ್ಲಿ ಕೊಟ್ಟರೆ ಏನಾಗುತ್ತದೆ ಯೋಚಿಸಿ. ವಿಡಿಯೊದಲ್ಲಿ ಡಾಕ್ಟರು ತೂಕ ಕೇಳದೆ ‘ಐದು ಎಂಎಲ್ ಹಾಕಿ’ ಅಂದರೆ ನೀವೇ ತೂಕ ಹೇಳಿ, ಮನೆಯಲ್ಲಿರುವ ಬಾಟಲಿಯ ಲೇಬಲ್ ಕ್ಯಾಮೆರಾಗೆ ಹಿಡಿಯಿರಿ. ಡೆಂಗಿಯ ಅನುಮಾನವಿದ್ದಾಗ ಐಬುಪ್ರೊಫೇನ್ ಬೇಡ, ಆ್ಯಸ್ಪಿರಿನ್ ಮಕ್ಕಳಿಗೆ ಡಾಕ್ಟರು ಹೇಳದೆ ಯಾವಾಗಲೂ ಬೇಡ.

ಭೇದಿಯಾಗಿದ್ದರೆ ಚೀಟಿಯಲ್ಲಿ ಓಆರ್‌ಎಸ್ ಮತ್ತು ಜಿಂಕ್ ಇರಬೇಕು. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿ ಕಲಸುವುದಲ್ಲ.

ಕಾಲ್ ಮುಗಿಸುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ‘ಏನಾದ್ರೆ ನಾನು ಆಸ್ಪತ್ರೆಗೆ ಹೋಗ್ಬೇಕು?’ ಇದಕ್ಕೆ ಸ್ಪಷ್ಟ ಉತ್ತರ ಕೊಡದ ಕಾಲ್‌ಗೆ ಕೊಟ್ಟ ಫೀಸ್ ದಂಡ. ‘ನನಗೆ ಇದು ವಿಡಿಯೊದಲ್ಲಿ ಗೊತ್ತಾಗ್ತಿಲ್ಲ, ಹತ್ತಿರ ತೋರಿಸಿ’ ಅಂದರೆ ಮಾತ್ರ ದುಡ್ಡು ಹೋಯಿತೆಂದು ಗೊಣಗಬೇಡಿ. ವಿಡಿಯೊದಿಂದ ಸಿಗಬಹುದಾದ ಒಳ್ಳೆಯ ಸಲಹೆಗಳಲ್ಲಿ ಅದೂ ಒಂದು.

ವಿದೇಶದಲ್ಲಿರುವವರಿಗೆ

ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಇದ್ದುಕೊಂಡು ಮೈಸೂರಿನ ಹಳೆಯ ಡಾಕ್ಟರಿಗೆ ವಿಡಿಯೊ ಕಾಲ್ ಮಾಡುವ ಕನ್ನಡಿಗರು ಸಾಕಷ್ಟಿದ್ದಾರೆ. ಅಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ತಡ, ಖರ್ಚು ಜಾಸ್ತಿ, ಮೇಲಾಗಿ ಇವರು ನಮ್ಮವರು. ಆದರೆ 2020ರ ಮಾರ್ಗಸೂಚಿ ಭಾರತದ ಹೊರಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಡಾಕ್ಟರು ಪರಿಚಯದ ಮೇಲೆ ಧೈರ್ಯ ಹೇಳಬಹುದು. ಇಲ್ಲಿಯ ಚೀಟಿ ಹಿಡಿದು ಅಲ್ಲಿನ ಫಾರ್ಮಸಿಯಲ್ಲಿ ಔಷಧ ಸಿಗುತ್ತದೆ ಎಂದು ನಂಬಿ ಕೂರಬೇಡಿ. ರಜೆಗೆ ಊರಿಗೆ ಬಂದಾಗ ಸಂಗತಿ ಬೇರೆ. ಮಗು ಭಾರತದಲ್ಲಿರುವಷ್ಟು ದಿನ ಮೇಲೆ ಹೇಳಿದ ನಾಲ್ಕೂ ದಾರಿ ತೆರೆದಿರುತ್ತವೆ. ಬರುವಾಗ ಲಸಿಕೆ ಕಾರ್ಡಿನ ಫೋಟೊ, ಅಲರ್ಜಿ ಇರುವ ಔಷಧಗಳ ಹೆಸರು ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಅಲ್ಲಿನ ಬ್ರ್ಯಾಂಡ್ ಹೆಸರು ಇಲ್ಲಿನ ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ, ಔಷಧದ ಮೂಲ ಹೆಸರನ್ನೇ ಬರೆದಿಟ್ಟುಕೊಳ್ಳಿ.